ಯಲ್ದೂರು ತೋಪಿನ ಕೊತ್ತ ಪಿಟ್ಟ

ಶ್ರೀನಿವಾಸಪುರದ ಕೆರೆ ಏರಿಯ ಮೇಲೆ ನಿಂತು ಅಮರನಾಥ್ ಮೇಷ್ಟ್ರು ಬೂದು ಬಕದ ಏಕಾಗ್ರತೆಯ ಬಗ್ಗೆ ಹದಿನೈದು ನಿಮಿಷ ಮಾತಾಡಿದರು. ಆಚೆ ದಡದ ಜೊಂಡಿನ ನಡುವೆ ಅದು ಒಂಟಿಕಾಲಲ್ಲಿ ನಿಂತಿತ್ತು. ಕತ್ತು ಕದಲುತ್ತಿರಲಿಲ್ಲ, ರೆಕ್ಕೆ ಮಿಸುಕುತ್ತಿರಲಿಲ್ಲ. ಮೇಷ್ಟ್ರ ಕೊರಳಲ್ಲಿ ಹೊಸ ದುರ್ಬೀನು, ತಲೆಯ ಮೇಲೆ ಹೊಸ ಟೋಪಿ, ಎದುರಿಗೆ ಅಂದೇ ಹಕ್ಕಿ ನೋಡುವ ಸಂಘಕ್ಕೆ ಸೇರಿದ ನಾಲ್ವರು ಹೊಸ ಸದಸ್ಯರು. ಮಾತು ಬಕದಿಂದ ಧ್ಯಾನಕ್ಕೆ ಹೋಗಿ, ಧ್ಯಾನದಿಂದ ಇಂದಿನ ಯುವಜನತೆಯ ಮೊಬೈಲ್ ಚಟಕ್ಕೆ ತಿರುಗುವಷ್ಟರಲ್ಲಿ ಜೊಂಡಿನ ಹಿಂದಿನಿಂದ ಒಬ್ಬ ಮನುಷ್ಯ ಸ್ನಾನ ಮುಗಿಸಿ ಎದ್ದು ಬಂದ. ಬಂದವನೇ ಬಕವನ್ನು ಗೂಟದಿಂದ ಎತ್ತಿಕೊಂಡು, ಎರಡು ಸಲ ಒದರಿ, ತೋಳು ತೂರಿಸಿ, ಗುಂಡಿ ಹಾಕಿಕೊಂಡು ಹೊರಟುಹೋದ.

ಸಂಘದ ಅಧ್ಯಕ್ಷ ಕೋದಂಡರಾಮಪ್ಪ ನೋಟ್‌ಬುಕ್ ತೆರೆದು, ಬರೆಯುತ್ತಾ ಗಟ್ಟಿಯಾಗಿ ಓದಿದರು: "ಬೂದು ಬಕ, ಸೊನ್ನೆ. ಶರಟು, ಒಂದು."

ಕೋದಂಡರಾಮಪ್ಪ ಮೂವತ್ತೊಂದು ವರ್ಷ ಸರ್ಕಾರಿ ಬಸ್ಸಿನ ಕಂಡಕ್ಟರ್ ಆಗಿದ್ದವರು. ಕೋಲಾರ, ಮಾಲೂರು, ಮುಳಬಾಗಿಲು ಎಂದು ಜಿಲ್ಲೆಯ ಅಷ್ಟೂ ರಸ್ತೆಗಳ ಗುಂಡಿಗಳು ಅವರ ಮಂಡಿಗೆ ಗೊತ್ತು. ತುಂಬಿದ ಬಸ್ಸಿನ ಹಿಂಬಾಗಿಲಲ್ಲಿ ನಿಂತು ಒಂದು ಸಲ ಕಣ್ಣು ಹಾಯಿಸಿದರೆ ಸಾಕು, ಒಳಗೆ ಎಪ್ಪತ್ತಮೂರು ತಲೆ ಎಂದರೆ ಎಪ್ಪತ್ತಮೂರೇ. ನಿವೃತ್ತಿಯಾಗಿ ಮನೆಗೆ ಬಂದಮೇಲೂ ಕಣ್ಣು ಸುಮ್ಮನಿರಲಿಲ್ಲ. ಮನೆಗೆ ಬಂದ ನೆಂಟರನ್ನು ಎಣಿಸಿದರು, ಅವರು ತಿಂದ ಇಡ್ಲಿಯನ್ನೂ ಎಣಿಸಿದರು. ಎಣಿಸಿದ್ದನ್ನು ನೆಂಟರ ಎದುರಿಗೇ ಹೇಳಿದರು. ಹೆಂಡತಿ ಗಂಗಾಲಕ್ಷ್ಮಿ ಕೈಗೊಂದು ಕೊಡೆ ಕೊಟ್ಟು, "ಮೊದಲು ಹೊರಗಡೆ ಹೋಗಿ. ಮನುಷ್ಯರಲ್ಲದೇ ಇರೋದನ್ನ ಏನಾದ್ರೂ ಎಣಿಸಿ" ಅಂದರು. ಕೆರೆಯ ಹತ್ತಿರ ಕರೆಂಟಿನ ತಂತಿಯ ಮೇಲೆ ನೀರುಕಾಗೆಗಳು ಸಾಲಾಗಿ, ಒಂದನ್ನೊಂದು ಒತ್ತಿಕೊಂಡು ಕೂತಿದ್ದವು. ಕೋದಂಡರಾಮಪ್ಪನವರ ಎದೆ ಹಗುರಾಯಿತು. ನಲವತ್ತೆಂಟು. ಅಂದೇ ಸಂಘ ಹುಟ್ಟಿತು.

ಸಂಘವನ್ನು ಅವರು ಬಸ್ಸು ನಡೆಸಿದ ಹಾಗೆಯೇ ನಡೆಸಿದರು. ಬೆಳಿಗ್ಗೆ ಆರಕ್ಕೆ ಹೊರಡುವುದೆಂದರೆ ಆರಕ್ಕೇ. ಓಡಿ ಬರುತ್ತಿರುವ ಕಾರ್ಯದರ್ಶಿ ಅಮರನಾಥ್ ಮೇಷ್ಟ್ರನ್ನು ಕಣ್ಣಾರೆ ಕಂಡರೂ "ರೈಟ್" ಅಂದುಬಿಡುತ್ತಿದ್ದರು. ಏರಿಯ ಮೇಲೆ ಸದಸ್ಯರು ಗುಂಪುಗಟ್ಟಿದರೆ ಸೀಟಿ ಊದಿ, "ಮುಂದೆ ಹೋಗ್ರೀ, ಮುಂದೆ ಖಾಲಿ ಐತೆ" ಎಂದು ತಳ್ಳುತ್ತಿದ್ದರು. ಚಳಿಗಾಲಕ್ಕೆ ದೂರದಿಂದ ಬರುವ ಬಾತುಗಳು ಅವರ ಭಾಷೆಯಲ್ಲಿ ಲಾಂಗ್ ರೂಟು. ಊರ ಗೊರವಂಕಗಳು ಶಟಲ್. ಮರಿ ಮಾಡಲು ಬೇರೆ ಹಕ್ಕಿಯ ಗೂಡು ಹುಡುಕುವ ಕೋಗಿಲೆಯ ಹೆಸರು ಬಂದರೆ ಮಾತ್ರ ಮುಖ ಸಿಂಡರಿಸಿ, "ಟಿಕೆಟ್ ಇಲ್ದೋರು" ಎನ್ನುತ್ತಿದ್ದರು.

ಇಂಥ ಕೋದಂಡರಾಮಪ್ಪನವರಿಗೆ ಆ ಅಕ್ಟೋಬರಿನಲ್ಲಿ ನಿದ್ದೆ ಬರುತ್ತಿರಲಿಲ್ಲ. ಯಲ್ದೂರಿನ ಚನ್ನರಾಯಪ್ಪ ತಮ್ಮ ತೋಪಿನ ಅಂಚಿನ ಹನ್ನೊಂದು ನಾಟಿ ಮಾವಿನ ಮರ ಕಡಿಸುವುದೆಂದು ತೀರ್ಮಾನಿಸಿದ್ದರು. ತಾತನ ಕಾಲದ ಮರಗಳು, ಇಬ್ಬರು ತಬ್ಬಿದರೂ ಸಿಗದಷ್ಟು ದಪ್ಪ. ಕಾಯಿ ಮಾತ್ರ ಗೋಲಿಯಷ್ಟು, ಹುಳಿ ಬೆಟ್ಟದಷ್ಟು. ಆ ಜಾಗದಲ್ಲಿ ಕಸಿ ಗಿಡ ಇಡುವುದೆಂದು ಮರ ಕಡಿಯುವ ಕದಿರೇಶನಿಗೆ ಸೋಮವಾರ ಬರಲು ಹೇಳಿಯೂ ಆಗಿತ್ತು. ಸಂಘದವರು ಹೋಗಿ ಕೈಮುಗಿದರು. ಚನ್ನರಾಯಪ್ಪ ಕಾಫಿ ಕೊಟ್ಟು ನಕ್ಕರು.

"ಅಲ್ಲಾ ಕಂಡಕ್ಟ್ರೇ, ನೀವು ಹದಿನೈದು ಜನ ಬಿಟ್ರೆ ನಮ್ ತೋಪಿನ ಹಕ್ಕಿ ಯಾರಿಗ್ರೀ ಬೇಕು? ಬೇರೆ ಊರಿಂದ ನೋಡೋಕಂತ ಒಂದೇ ಒಂದು ಕಾರು ಬರ್ಲಿ. ಆಮೇಲೆ ಮಾತಾಡೋಣ."

ಶರಟಿನ ಪ್ರಸಂಗ ನಡೆದದ್ದು ಇದಾದ ಮರುದಿನ. ಮಾನ ಮುಕ್ಕಾಲು ಹೋಗಿದ್ದ ಅಮರನಾಥ್ ಮೇಷ್ಟ್ರು, ಉಳಿದ ಕಾಲು ಭಾಗವನ್ನು ಜೋಪಾನ ಮಾಡಿಕೊಂಡು ಕೂತಿರುವಾಗ, ಗುರುವಾರ ಬೆಳಿಗ್ಗೆ ಅಧ್ಯಕ್ಷರಿಂದ ವಾಟ್ಸಾಪಿನಲ್ಲಿ ಒಂದು ಸಾಲು ಬಂತು: "ಯಲ್ದೂರು ತೋಪಲ್ಲಿ ಕೊತ್ತ ಪಿಟ್ಟ."

ಮೇಷ್ಟ್ರು ಕುರ್ಚಿಯಿಂದ ಎದ್ದೇ ನಿಂತರು. ಪಿಟ್ಟ! ಇಂಗ್ಲಿಷ್ ಪುಸ್ತಕದಲ್ಲಿ ಇಂಡಿಯನ್ ಪಿಟ್ಟ, ನಮ್ಮ ಕನ್ನಡದಲ್ಲಿ ನವರಂಗ. ಹಸಿರು, ನೀಲಿ, ಕೆಂಪು ಎಂದು ಒಂಬತ್ತು ಬಣ್ಣ ಮೈಗೆ ಮೆತ್ತಿಕೊಂಡು, ವರ್ಷಕ್ಕೆರಡು ಸಲ ಈ ದಾರಿಯಲ್ಲಿ ಹಾದು ಹೋಗುವಾಗ ಒಂದೆರಡು ದಿನ ಮರದ ಬುಡದಲ್ಲಿ ಇಳಿಯುವ ಹಕ್ಕಿ. ಅದನ್ನು ನೋಡಲು ಬೆಂಗಳೂರಿನವರು ಆಫೀಸಿಗೆ ರಜೆ ಹಾಕುತ್ತಾರೆ. ಅಧ್ಯಕ್ಷರ ಮನೆಮಾತು ತೆಲುಗು. ಟೇಕಲ್ ಕಡೆಯವರಾದ ಮೇಷ್ಟ್ರಿಗೂ ತೆಲುಗು ಬರುತ್ತಿತ್ತು, ಆದರೆ ಗಾಬರಿಯಾದಾಗ ಬರುತ್ತಿರಲಿಲ್ಲ. ತೆಲುಗಿನಲ್ಲಿ ಪಿಟ್ಟ ಅಂದರೆ ಬರೀ ಹಕ್ಕಿ, ಕೊತ್ತ ಪಿಟ್ಟ ಅಂದರೆ ಹೊಸ ಹಕ್ಕಿ, ಅಷ್ಟೇ ಎನ್ನುವುದು ಆ ಕ್ಷಣ ತಲೆಗೆ ಹೊಳೆಯಲಿಲ್ಲ. ಹಾಗೆಂದು ಅವರು ಬೇಜವಾಬ್ದಾರಿ ಮನುಷ್ಯರಲ್ಲ. ಶರಟಿನಿಂದ ಪಾಠ ಕಲಿತಿದ್ದರು. ಫೋನ್ ಮಾಡಿ ಖಚಿತಪಡಿಸಿಕೊಂಡರು.

"ಕಂಡಕ್ಟ್ರೇ, ನೆಲದ ಮೇಲೆ ಓಡಾಡ್ತಾ ಇದೆಯಾ?"

"ನೆಲದ ಮೇಲೇ."

"ತರಗೆಲೆ ಕೆದಕುತ್ತಾ?"

"ಅದೇ ಕೆಲಸ. ಬೆಳಿಗ್ಗೆಯಿಂದ."

"ಕೂಗುತ್ತಾ?"

"ಕಿವಿ ಕಿತ್ತೋಗಂಗೆ."

"ಬಣ್ಣ?"

"ಹೇಳಕ್ಕಾಗಲ್ಲ ಮೇಷ್ಟ್ರೇ. ಬಂದು ನೋಡಿ."

ಎಷ್ಟು ದೊಡ್ಡದು ಎಂಬ ಒಂದು ಪ್ರಶ್ನೆಯನ್ನು ಮಾತ್ರ ಮೇಷ್ಟ್ರು ಕೇಳಲಿಲ್ಲ. ಅಷ್ಟರಲ್ಲಿ ಅವರು ಬೆಂಗಳೂರಿನ ಹಕ್ಕಿ ನೋಡುವವರ ಗುಂಪಿಗೆ "ಯಲ್ದೂರಿನಲ್ಲಿ ಪಿಟ್ಟ, ಖಚಿತ" ಎಂದು ಬರೆದು, ಮುಂದೆ ಏಳು ಆಶ್ಚರ್ಯಸೂಚಕ ಚಿಹ್ನೆ ಹಾಕಿ ಕಳಿಸಿಯಾಗಿತ್ತು.

ಭಾನುವಾರ ಬೆಳಿಗ್ಗೆ ಆರೂಕಾಲಿಗೆ ಯಲ್ದೂರಿನ ತೋಪಿನ ಮುಂದೆ ಹನ್ನೆರಡು ಕಾರು ನಿಂತವು. ಇಳಿದವರು ನಲವತ್ತು ಜನ. ಎಣಿಸಿದವರು ಯಾರೆಂದು ಹೇಳಬೇಕಾಗಿಲ್ಲ. ಎಲ್ಲರೂ ಕಾಡಿನ ಬಣ್ಣದ ಬಟ್ಟೆ ತೊಟ್ಟಿದ್ದರು. ಕೆಲವರ ಕ್ಯಾಮೆರಾ ಮದುವೆಮನೆಯ ಕೊಳಗದಷ್ಟು ದಪ್ಪವಿತ್ತು. ಚನ್ನರಾಯಪ್ಪ ಮನೆಯಿಂದ ಇದನ್ನು ನೋಡಿದವರೇ ಒಳಗೆ ಓಡಿ, ಇಸ್ತ್ರಿ ಮಾಡಿದ ಪಂಚೆ ಉಡಲು ಶುರುಮಾಡಿದರು. ಅಮರನಾಥ್ ಮೇಷ್ಟ್ರಿಗೆ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. ಬೆಂಗಳೂರಿನ ತಂಡದ ಮುಂದಾಳು ಮೇಘನ ಎನ್ನುವ ಹೆಣ್ಣುಮಗಳು ಮೆಲ್ಲಗೆ ಕೇಳಿದಳು: "ಸರ್, ಎಲ್ಲಿದೆ?"

"ಕಂಡಕ್ಟ್ರೇ, ತೋರ್ಸಿ" ಎಂದರು ಮೇಷ್ಟ್ರು, ಒಬ್ಬ ರಾಜ ಮಂತ್ರಿಗೆ ಹೇಳುವ ಹಾಗೆ.

ಕೋದಂಡರಾಮಪ್ಪ ಬಾವಿಯ ಕಡೆ ಕೈ ತೋರಿಸಿದರು. ನಲವತ್ತು ಜನ ಉಸಿರು ಬಿಗಿಹಿಡಿದು ಮಂಡಿಯೂರಿದರು. ತರಗೆಲೆ ಸರಸರ ಅಂದಿತು. ಮರದ ಮರೆಯಿಂದ, ಮೈತುಂಬ ಬಿಳಿ ಚುಕ್ಕೆ ಇಟ್ಟುಕೊಂಡು, ಬೋಳುತಲೆಯ ಮೇಲೊಂದು ಕೊಂಬು ಹೊತ್ತು, ಕೊಬ್ಬಿದ ಗಿನಿಕೋಳಿಯೊಂದು ಹೊರಗೆ ಬಂತು. ಕ್ಯಾಮೆರಾಗಳನ್ನು ನೋಡಿ ತುಕ್ಕು ಹಿಡಿದ ರಾಟೆಯ ಹಾಗೆ ಕಿರುಚಿಕೊಂಡಿತು.

"ಇದು..." ಎಂದರು ಮೇಷ್ಟ್ರು.

"ಕೊತ್ತ ಪಿಟ್ಟ" ಎಂದರು ಕೋದಂಡರಾಮಪ್ಪ. "ಬುಧವಾರ ಚನ್ನರಾಯಪ್ಪನೋರ ಮನೆಯೋರು ತಂಗಿ ಮನೆಯಿಂದ ತಂದ್ರು. ನಮ್ ಪಟ್ಟಿಗೆ ಹೊಸದು."

ಆ ಗಳಿಗೆಯಲ್ಲಿ ಅಮರನಾಥ್ ಮೇಷ್ಟ್ರಿಗೆ ಕೆರೆಯ ಶರಟಿನವನ ಮೇಲೆ ಅಸೂಯೆಯಾಯಿತು. ಅವನಿಗೆ ಮುಖ ಮುಚ್ಚಿಕೊಳ್ಳಲು ಜೊಂಡಾದರೂ ಇತ್ತು. ಹಿಂದೆ ಯಾರೋ ಕಿಸಕ್ಕೆಂದರು. ಇನ್ಯಾರೋ ಕ್ಯಾಮೆರಾ ಚೀಲಕ್ಕೆ ತುಂಬುವ ಸದ್ದಾಯಿತು. ಇವರೆಲ್ಲ ಕಾರು ಹತ್ತಿದರೆ ಮುಗಿಯಿತು, ನಾಳೆ ಕದಿರೇಶ ಗರಗಸ ತರುತ್ತಾನೆ.

ಸೀಟಿ ಕೇಳಿಸಿತು.

"ಯಾರೂ ಇಳೀಬ್ಯಾಡ್ರಿ" ಎಂದರು ಕೋದಂಡರಾಮಪ್ಪ. "ಮುಂದೆ ಹೋಗ್ರಿ, ಮುಂದೆ. ಅಂಚಿನ ಮೂರನೇ ಮರದ ಕೆಳಗೆ. ಅಲ್ಲಿರೋದು ಹೊಸದಲ್ಲ, ಹಳೇ ಪ್ಯಾಸೆಂಜರು. ಪಟ್ಟೀಲಿ ಬರೆದಿದ್ದೀನಿ, ಯಾರಿಗೂ ಓದಿ ಹೇಳಿಲ್ಲ."

ಮರದಲ್ಲಿ ಏನೂ ಕಾಣಲಿಲ್ಲ. ತೊಗಟೆ, ಕೊಂಬೆ, ಮತ್ತೆ ತೊಗಟೆ. ಆಮೇಲೆ ತೊಗಟೆ ಕಣ್ಣು ಬಿಟ್ಟಿತು. ಅದರ ಪಕ್ಕದ ತೊಗಟೆಯೂ ಬಿಟ್ಟಿತು. ಕಂದು ಬಿಳಿ ಗೀರುಗಳ ನಡುವೆ ನಾಲ್ಕು ಗುಂಡು ಕಣ್ಣು ಕೆಳಗಿನ ನಲವತ್ತು ಜನರನ್ನು ಬೇಸರದಿಂದ ನೋಡಿದವು.

"ಮಾಟಲ್ಡ್ ವುಡ್ ಔಲ್" ಎಂದಳು ಮೇಘನ. "ಜೋಡಿ!"

ಔಲ್ ಅಂದರೆ ಗೂಬೆ. ಚೀಲ ಸೇರಿದ್ದ ಕ್ಯಾಮೆರಾಗಳೆಲ್ಲ ಹೊರಗೆ ಬಂದವು. ಗಡ್ಡ ಬಿಟ್ಟಿದ್ದ ದೊಡ್ಡ ಮನುಷ್ಯನೊಬ್ಬ ಸದ್ದಾಗದಂತೆ ಒಂಟಿಕಾಲಲ್ಲಿ ಕುಣಿದ. ಮೇಷ್ಟ್ರೂ ಅವನ ಜೊತೆ ಎರಡು ಹೆಜ್ಜೆ ಹಾಕಿದರು. ಮೂರನೆಯ ಹೆಜ್ಜೆ ಗಾಳಿಯಲ್ಲೇ ಉಳಿಯಿತು. ಇಸ್ತ್ರಿ ಪಂಚೆಯ ಚನ್ನರಾಯಪ್ಪ ಬರುತ್ತಿದ್ದರು. ತೋಪಿನಲ್ಲಿ ಗೂಬೆ ಸಂಸಾರ ಹೂಡಿದೆ ಎಂದು ಗೊತ್ತಾದರೆ ಈ ಮನುಷ್ಯ ಸೋಮವಾರದವರೆಗೂ ಕಾಯುವುದಿಲ್ಲ, ಈಗಲೇ ಕೊಡಲಿ ತರುತ್ತಾರೆ. ಕಂಡಕ್ಟರು ಇಷ್ಟು ದಿನ ಬಾಯಿ ಬಿಡದಿದ್ದದ್ದು ಯಾಕೆಂದು ಆಗ ಅರ್ಥವಾಯಿತು.

"ಏನ್ ಸಿಕ್ತು?" ಎಂದರು ಚನ್ನರಾಯಪ್ಪ.

"ಒಂದು... ದುಂಡಗಿರೋ ಹಕ್ಕಿ" ಎಂದರು ಮೇಷ್ಟ್ರು.

ಅಷ್ಟರಲ್ಲಿ ಗಡ್ಡದವನು ಉತ್ಸಾಹದಲ್ಲಿ ತನ್ನ ಕ್ಯಾಮೆರಾವನ್ನೇ ಚನ್ನರಾಯಪ್ಪನವರ ಕಣ್ಣಿಗೆ ಹಿಡಿದುಬಿಟ್ಟ.

"ಅಯ್ಯಯ್ಯೋ! ಗೂಬೆ ಕಣ್ರೀ ಇದು! ಒಂದಲ್ಲ, ಎರಡು! ನಮ್ ತೋಪಲ್ಲಿ!"

ಅವರು ಜೇಬಿನಿಂದ ಫೋನ್ ತೆಗೆದರು. ಮೇಷ್ಟ್ರು ಕಣ್ಣು ಮುಚ್ಚಿಕೊಂಡರು. ಇದಾವುದೂ ಗೊತ್ತಿಲ್ಲದ ಮೇಘನ ಮುಂದೆ ಬಂದು ಕೈಮುಗಿದಳು.

"ಸರ್, ಇದನ್ನ ನೋಡೋಕೆ ನಾನು ಒಂಬತ್ತು ವರ್ಷದಿಂದ ಊರೂರು ಅಲೀತಿದ್ದೀನಿ. ನಿಮ್ಮ ಮನೆ ಬಾಗಿಲಲ್ಲೇ ಇದೆ. ಪುಣ್ಯವಂತರು ಸರ್ ನೀವು."

ಚನ್ನರಾಯಪ್ಪನವರ ಬೆರಳು ಫೋನಿನ ಮೇಲೆ ನಿಂತಿತು. ಕಾರಿನಲ್ಲಿ ಬಂದವರು ಯಾರೂ ಅವರನ್ನು ಇದುವರೆಗೆ ಪುಣ್ಯವಂತರು ಎಂದಿರಲಿಲ್ಲ. ಅವರು ಕೋದಂಡರಾಮಪ್ಪನವರನ್ನು ಮರದ ಹಿಂದಕ್ಕೆ ಎಳೆದರು.

"ಎಷ್ಟು ದಿನದಿಂದ ಐತ್ರೀ ಇದು?"

"ಆರು ವರ್ಷ ಆಯ್ತಣ್ಣಾ. ನಾನು ಎಣಿಸೋಕೆ ಶುರು ಮಾಡಿದಾಗಿಂದ."

"ಆರು ವರ್ಷ!" ಚನ್ನರಾಯಪ್ಪ ಬೆರಳು ಮಡಿಸತೊಡಗಿದರು. "ಬೋರಲ್ಲಿ ನೀರು ಬಿದ್ದಿದ್ದು ಅವಾಗ್ಲೇ... ಮಗಳಿಗೆ ಸರ್ಕಾರಿ ಕೆಲಸ ಆಗಿದ್ದು ಆಮೇಲೆ... ನಮ್ಮನೆಯೋಳ ಮಂಡಿನೋವು ಹೋಗಿದ್ದೂ..." ಮೂರನೆಯ ಬೆರಳಿಗೆ ನಿಂತು ಮೇಲೆ ನೋಡಿದರು. ಗೂಬೆಗಳು ಕೆಳಗೆ ನೋಡಿದವು. ಅವರು ಫೋನನ್ನು ಕಿವಿಗಿಟ್ಟುಕೊಂಡರು.

"ಕದಿರೇಶಾ... ಹೂಂ ಕಣೋ, ನಾನೇ. ನಾಳೆ ಬರಬ್ಯಾಡ. ನಾಡಿದ್ದೂ ಬ್ಯಾಡ. ಆ ಹನ್ನೊಂದೂ ಇರ್ಲಿ ಬಿಡು... ಏನಿಲ್ಲ ಕಣೋ, ಬಾಡಿಗೆಗೆ ಜನ ಇದ್ದಾರೆ."

ಅಮರನಾಥ್ ಮೇಷ್ಟ್ರು ಗಡ್ಡದವನನ್ನು ತಬ್ಬಿಕೊಂಡರು. ತಬ್ಬಿಕೊಂಡದ್ದು ಯಾಕೆಂದು ಅವನಿಗೆ ಗೊತ್ತಾಗಲಿಲ್ಲ, ಆದರೂ ಅವನೂ ತಬ್ಬಿಕೊಂಡ. ಚನ್ನರಾಯಪ್ಪ ಮಾತ್ರ ಫೋನು ಜೇಬಿಗೆ ಹಾಕಿದ ಮೇಲೂ ಕತ್ತೆತ್ತಿ ಅಲ್ಲೇ ನಿಂತಿದ್ದರು. ಒಂದು ಅನುಮಾನ ಇನ್ನೂ ಹೋಗಿರಲಿಲ್ಲ.

"ಆದ್ರೂ ಕಂಡಕ್ಟ್ರೇ," ಎಂದರು ದನಿ ತಗ್ಗಿಸಿ, "ದಿನಾ ಗೂಬೆ ಮುಖ ನೋಡಿದ್ರೆ ಕೆಡುಕು ಅಂತಾರಲ್ಲ. ನಂಗೇನೂ ಆಗಲ್ವಾ?"

ಕೋದಂಡರಾಮಪ್ಪ ನೋಟ್‌ಬುಕ್ಕಿನಿಂದ ತಲೆ ಎತ್ತದೆ ಹೇಳಿದರು: "ದಿನಾ ಸಂಜೆ ನೀವು ಮೋಟ್ರು ಹಾಕೋಕೆ ಬರ್ತೀರಲ್ಲ, ಅದು ಎದ್ದೇಳೋದು ಅವಾಗ್ಲೇ ಅಣ್ಣಾ. ಆರು ವರ್ಷದಿಂದ ನಿಮ್ಮ ಮುಖ ನೋಡ್ಕೊಂಡೇ ಏಳ್ತೈತೆ. ಅದಕ್ಕೇನೂ ಆಗಿಲ್ಲ."