ಮೈಕಮ್ಮನ ಉಸಿರು

ಬಸ್ ನಿಲ್ದಾಣದಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದುದು ಮೈಕಮ್ಮ ಎಂದೇ. ಗಾಜಿನ ಗೂಡಿನಲ್ಲಿ ಕುಳಿತು, ಯಾವ ಬಸ್ಸು ಎಷ್ಟನೇ ಅಂಕಣಕ್ಕೆ ಬರುತ್ತದೆಂದು ಒಂದೇ ಉಸಿರಿನಲ್ಲಿ ಕೂಗಿ ಹೇಳುವುದು ಅವಳ ಕೆಲಸ. ಚಿಕ್ಕಂದಿನಿಂದ ಅಸ್ತಮಾ ಇದ್ದವಳು ಈ ಕೆಲಸ ಹಿಡಿದದ್ದೇ ಹಠಕ್ಕೆ. ಬೆಳಿಗ್ಗೆ ರಾತ್ರಿ ತಪ್ಪದೆ ಇನ್‌ಹೇಲರ್ ಎಳೆದುಕೊಂಡರೆ ಗಂಟಲು ಗಂಟೆಯಂತೆ ಮೊಳಗುತ್ತಿತ್ತು.

ಮದುವೆಯಾಗಿ ಏಳು ವರ್ಷಕ್ಕೆ ಬಸಿರು ನಿಂತಿತು. ಐದನೇ ತಿಂಗಳಲ್ಲಿ ನಾದಿನಿ ಫೋನಿನಲ್ಲಿ ತಲೆಗೆ ಹುಳ ಬಿಟ್ಟಳು.

"ಅತ್ತಿಗೆ, ಆ ಔಷಧಿ ಮಗೂಗೂ ಇಳಿಯಲ್ವಾ?"

ಪುಣ್ಯಾತ್ಗಿತ್ತಿ, ಅಷ್ಟು ಕೇಳಿ ತನ್ನ ಪಾಡಿಗೆ ಫೋನಿಟ್ಟಳು. ಇವಳು ಯಾರನ್ನೂ ಕೇಳದೆ ಇನ್‌ಹೇಲರನ್ನು ಬೀರುವಿನ ಮೇಲೆ ಎತ್ತಿಟ್ಟಳು. ಕೇಳಲು ಮನೆಯಲ್ಲಿ ಯಾರಾದರೂ ಇರಬೇಕಲ್ಲ? ಗಂಡ ಹಡಗಿನಲ್ಲಿ ಅಡುಗೆಯವನು, ಭಾನುವಾರಕ್ಕೊಂದು ಫೋನು.

ಆ ಫೋನಿಗೂ ಅವಳು ಒಂದು ಉಪಾಯ ಹೂಡಿದಳು. ಉದ್ದಕ್ಕೆ ಮಾತಾಡಿದರೆ ಏದುಸಿರು ಕೇಳಿಸೀತು, ಸಮುದ್ರದ ನಡುವೆ ಕುಳಿತವನು ಪಾಪ ಏನು ಮಾಡಿಯಾನು? ಹಾಗಾಗಿ ಹೂಂ, ಊಟ ಆಯ್ತು, ಸರಿ. ಅಷ್ಟೇ.

"ಕೋಪಾನಾ?" ಎಂದ ಅವನು.

"ಇಲ್ಲ."

ಮುಂದಿನ ಭಾನುವಾರ ಅವನ ಮಾತೂ ಮೊಟಕಾಯಿತು. ಅದರ ಮುಂದಿನ ಭಾನುವಾರ ಫೋನೇ ಬರಲಿಲ್ಲ. ಅವಳಿಗೆ ಅಳು ಬಂತು. ಅತ್ತರೆ ಉಸಿರು ಕಟ್ಟುತ್ತದೆಂದು ಅದನ್ನೂ ನುಂಗಿಕೊಂಡಳು.

ಒಂದು ಮಧ್ಯಾಹ್ನ "ಏಳನೇ ಅಂಕಣಕ್ಕೆ ಬರುವ" ಎಂದವಳಿಗೆ ಮುಂದಿನ ಮಾತು ಹೊರಡಲಿಲ್ಲ. ನಿಲ್ದಾಣಕ್ಕೆಲ್ಲ ಕೇಳಿದ್ದು ಬರೀ ಸುಯ್ ಸುಯ್ ಸದ್ದು. ಮೈಕು ಕೆಟ್ಟಿದೆಯೆಂದು ಜನ ನಕ್ಕರು. ಕಸ ಗುಡಿಸುವ ಅಕ್ಕ ಮಾತ್ರ ಪೊರಕೆ ಬಿಸಾಕಿ ಓಡಿ ಬಂದು, ಸಿಕ್ಕ ಗಾಡಿಗೆ ಹತ್ತಿಸಿ ಆಸ್ಪತ್ರೆಗೆ ಕರೆದೊಯ್ದಳು.

ಮಾಸ್ಕಿನ ಔಷಧಿ ಒಳಗಿಳಿದು ಉಸಿರು ಹಿಡಿತಕ್ಕೆ ಬಂದ ಮೇಲೆ ಡಾಕ್ಟರಮ್ಮ ಮಗುವಿನ ಎದೆಬಡಿತ ಕೇಳಿಸಿದರು. ಗಟ್ಟಿಯಾಗಿತ್ತು. ಆಮೇಲೆ ಚೆನ್ನಾಗಿ ಬೈದರು.

"ಔಷಧಿ ಬಿಡು ಅಂತ ನಾನು ಹೇಳಿದ್ನಾ? ಅದರಿಂದ ಮಗೂಗೆ ಭಯ ಇಲ್ಲಮ್ಮ. ನಿನಗೆ ಉಸಿರು ಸಾಲದಿದ್ರೇನೇ ಭಯ. ಅದು ಉಸಿರಾಡೋದು ನಿನ್ನಿಂದ ತಾನೆ?"

ಅಂದೇ ಬೀರುವಿನ ಮೇಲಿಂದ ಇನ್‌ಹೇಲರ್ ಇಳಿಯಿತು. ಮೂರನೇ ವಾರ ಉಸಿರು ಸರಾಗವಾದ ಮೇಲೆ ಅವಳೇ ಗಂಡನಿಗೆ ಫೋನು ಮಾಡಿ, ನಡೆದದ್ದನ್ನೆಲ್ಲ ಎಲ್ಲೂ ನಿಲ್ಲಿಸದೆ ಹೇಳಿದಳು.

"ಅಷ್ಟು ದಿನ ಒಬ್ಳೇ ಒದ್ದಾಡಿದ್ಯಾ?" ಎಂದ ಅವನು.

"ಒಬ್ಳೇ ಅಲ್ಲ ರೀ," ಎಂದಳು. "ಮಗೂನೂ ಒದ್ದಾಡಿಸ್ದೆ."