ಅಜ್ಜಿಯ ಹೆಸರು ಕೇಳಿದ ದರ್ಜಿ

ಸೌದಿಯ ಹಫ್ರ್ ಅಲ್ ಬಾತಿನ್‌ನಲ್ಲಿದ್ದ ನಮ್ಮೂರಿನ ದರ್ಜಿಯೊಬ್ಬರು, ಹೊಳೆಯ ನಡುವಿನ ನಮ್ಮ ಕುದ್ರುವಿನ ಮನೆಮನೆಯ ಚರಿತ್ರೆ ಬರೆಯುತ್ತಿದ್ದರು. ಶುಕ್ರವಾರ ನಮಾಝ್ ಮುಗಿಸಿ ಬಂದವರನ್ನು ಅಂಗಡಿಯಲ್ಲಿ ಕೂರಿಸಿ, "ಗಂಡಸರದ್ದು ಸಾಕು ಮಾರಾಯ್ರೆ, ಹೆಂಗಸರ ಹೆಸರು ಹೇಳಿ" ಎನ್ನುತ್ತಿದ್ದರು.

ನನ್ನನ್ನು ಸಾಕಿದ ಅಜ್ಜಿಯ ಹೆಸರು ನನಗೆ ಗೊತ್ತಿರಲಿಲ್ಲ. ಮನೆಯಲ್ಲಿ ಯಾರೂ ಅವರನ್ನು ಹೆಸರು ಹಿಡಿದು ಕರೆದವರಲ್ಲ. ನಾಲ್ಕು ಜನರೆದುರು ನಾಚಿಕೆಯಾಗಿ "ಐಸಮ್ಮ" ಎಂದು ಸುಳ್ಳು ಹೇಳಿದೆ. ದರ್ಜಿ ಬರೆದುಕೊಂಡರು.

ಮುಂದಿನ ವಾರ, ಉಳಿದವರು ಚಹಾಕ್ಕೆ ಎದ್ದು ಹೋಗುವವರೆಗೆ ಕಾದು, ಮೆಲ್ಲಗೆ ಹೇಳಿದರು: "ಕಾಕಾ, ಕುದ್ರುವಿನ ಮೂವರು ಮುದುಕಿಯರಿಗೆ ಫೋನ್ ಮಾಡಿದೆ. ನಿಮ್ಮ ಅಜ್ಜಿ ಬೀಫಾತಿಮಾ ಅಂತೆ. ತಿದ್ದಿದ್ದೇನೆ. ತಪ್ಪು ನನ್ನದೇ ಇರಬೇಕು."

ಅಜ್ಜಿಯ ಹೆಸರನ್ನು ನಾನು ಕೇಳಿದ್ದು ಅದೇ ಮೊದಲು. ಆಗ ನನಗೆ ಅರವತ್ತೆರಡು ವರ್ಷ. ಸುಳ್ಳು ನನ್ನದೆಂದು ಆಗಲೂ ನಾನು ಬಾಯಿ ಬಿಡಲಿಲ್ಲ.