ಸಾಗವಾನಿ ಮರದ ಬೋರ್ಡು

ಕೊಟ್ಟೂರಿನ ನಮ್ಮ ಕಾಲೇಜಿನ ತೋಟದಲ್ಲಿ ಒಂದೊಂದು ಗಿಡಕ್ಕೂ ತಗಡಿನ ಬೋರ್ಡು ಇದೆ. ಅದರ ಮೇಲೆ ಗಿಡದ ಹೆಸರು, ಕುಟುಂಬ ಬರೆದವರು ಮಾಲಿ ಭೀಮರಾಜಣ್ಣ. ಸಸ್ಯಶಾಸ್ತ್ರ ಕಲಿಸುವವಳು ನಾನು. ಆದರೆ ವರ್ಬಿನಾ ಕುಟುಂಬದ ಪಾಠ ಅವರದೇ. ಬೇಲಿಯ ಲಂಟಾನದ ಎಳೆ ಕಡ್ಡಿಯನ್ನು ವಿದ್ಯಾರ್ಥಿಗಳ ಕೈಗೆ ಕೊಟ್ಟು, "ಬೆರಳಾಗ ಉರುಳಿಸಿ ನೋಡ್ರಿ, ನಾಕು ಮೂಲಿ ಐತಿ. ಎಲಿ ಎದುರುಬದುರು, ಹೂವು ಸಣ್ಣವು, ಗೊಂಚಲಾಗಿ ಬರ್ತಾವು" ಎನ್ನುತ್ತಾರೆ. ನನ್ನ ಪಾಠ ಮರೆತವರೂ ಇದನ್ನು ಮರೆತಿಲ್ಲ.

ಸಾಗವಾನಿ ಮರವೂ ಹಿಂದೆ ಇದೇ ಕುಟುಂಬದಲ್ಲಿತ್ತು. ಒಳರಚನೆ, ವಂಶವಾಹಿಗಳನ್ನು ಮತ್ತೆ ಪರೀಕ್ಷಿಸಿದ ವಿಜ್ಞಾನಿಗಳು ಅದನ್ನು ಈಗ ತುಳಸಿಯ ಕುಟುಂಬಕ್ಕೆ ಸೇರಿಸಿದ್ದಾರೆ. ಬೋರ್ಡು ತಿದ್ದಬೇಕು ಎಂದಾಗ ಭೀಮರಾಜಣ್ಣ ಮರವನ್ನೊಮ್ಮೆ ನೋಡಿ, "ಆ ಕುಟುಂಬದವ್ರು ಸೇರಿಸ್ಕೊಂಡ್ರೇನ್ರಿ?" ಎಂದು ಕೇಳಿದರು. ನಾನು ನಕ್ಕುಬಿಟ್ಟೆ. ಅವರು ನಗಲಿಲ್ಲ.

ಆಮೇಲೆ ನನ್ನ ಮೇಲೆ ನನಗೇ ಸಿಟ್ಟು ಬಂತು. ಅವರ ಮನೆಯವರು ಬೌದ್ಧರಾಗಿ ಇಪ್ಪತ್ತು ವರ್ಷವಾಯಿತು. ಆದರೂ ಹೋದ ತಿಂಗಳು ಕೂಡ್ಲಿಗಿಯಲ್ಲಿ ಮಗಳು ಸಂಘಮಿತ್ರಾಗೆ ಬಾಡಿಗೆ ಮನೆ ಹುಡುಕಲು ಹೋದಾಗ, ಬೌದ್ಧರು ಎಂದು ಹೇಳಿದ ಮೇಲೂ ಮನೆಯ ಮಾಲೀಕರು, "ಅದಿರ್ಲಿ, ಮೊದ್ಲು ನೀವು ಯಾವ ಮಂದಿ ಆಗಿದ್ರಿ?" ಎಂದು ಕೇಳಿದ್ದರಂತೆ. ನನಗೆ ಇದನ್ನು ಹೇಳಿದವರು ಭೀಮರಾಜಣ್ಣನೇ.

ಸಂಜೆ ನೋಡಿದರೆ ಅವರು ಸಾಗವಾನಿ ಬೋರ್ಡಿನ ಹಳೆಯ ಅಕ್ಷರಗಳು ಮುಚ್ಚುವಂತೆ ಎರಡನೇ ಸಲ ಬಣ್ಣ ಬಳಿಯುತ್ತಿದ್ದರು.

"ಒಂದು ಸಲ ಸಾಕಿತ್ತಲ್ಲಣ್ಣ" ಎಂದೆ.

"ಹಳೇದು ಒಂಚೂರು ಕಂಡ್ರೂ ಮಂದಿ ಅದನ್ನೇ ಓದ್ತಾರ್ರಿ, ಮೇಡಂ."